ತೋಟದ ಮನೆಗೆ ಕಾವಲುನಾಯಿ: ತಳಿ ಆರಿಸುವ ಮೊದಲು ಎಣಿಸಬೇಕಾದದ್ದು

ಹಿನ್ನೆಲೆ

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ, ಊರಿನಿಂದ ಮುಕ್ಕಾಲು ಕಿಲೋಮೀಟರ್ ಒಳಗಿರುವ ಒಂದು ತೋಟದ ಮನೆಯ ಪ್ರಕರಣ ಇದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇವೆ, ನಾಯಿಗಳ ಹೆಸರೂ ಬೇರೆ. ಮೂರೂವರೆ ಎಕರೆ ತೋಟ, ಎರಡು ಹಸು, ಹತ್ತು ಹನ್ನೆರಡು ಕೋಳಿ, ಮನೆಗೆ ಅಂಟಿಕೊಂಡ ಕೊಬ್ಬರಿ ಅಟ್ಟ. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ. ಶುಕ್ರವಾರ ರಾತ್ರಿ ಬಂದರೆ ಸೋಮವಾರ ನಸುಕಿಗೆ ಹೊರಡುತ್ತಾರೆ. ಉಳಿದ 4 ರಾತ್ರಿ ಮನೆಯಲ್ಲಿ ಅವರ ಹೆಂಡತಿ, 71 ವರ್ಷದ ತಾಯಿ, 9 ವರ್ಷದ ಮಗಳು, 4 ವರ್ಷದ ಮಗ.

ತೆಂಗಿನ ಸೀಮೆಯವರಿಗೆ ಅಟ್ಟ ಎಂದರೆ ಏನೆಂದು ಹೇಳಬೇಕಿಲ್ಲ. ಉಂಡೆ ಕೊಬ್ಬರಿಯಾಗಲು ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆಯೇ ಇರಬೇಕು. ಅಂದರೆ ಮನೆಯ ವರ್ಷದ ದುಡಿಮೆಯೆಲ್ಲ ಒಂದು ಮರದ ಬಾಗಿಲಿನ ಹಿಂದೆ ಕೂತಿರುತ್ತದೆ. 2022ರ ಕೊನೆಗೆ, ಮಾರುಕಟ್ಟೆಗೆ ಸಾಗಿಸುವ ಹಿಂದಿನ ರಾತ್ರಿ, ಸುಲಿದು ಕಟ್ಟಿಟ್ಟಿದ್ದ 11 ಚೀಲಗಳಲ್ಲಿ 4 ಚೀಲ ಹೋದವು. ಅದಕ್ಕೂ ಎರಡು ತಿಂಗಳ ಹಿಂದೆ ಬೋರ್‌ವೆಲ್‌ನ ಕೇಬಲ್ ಕೊಯ್ದಿದ್ದರು. ಎರಡು ಸಲವೂ ಒಳಗಿದ್ದವರಿಗೆ ಸದ್ದೇ ಕೇಳಿಸಿರಲಿಲ್ಲ. ಎರಡು ಸಲವೂ ಯಜಮಾನರು ಊರಲ್ಲಿರಲಿಲ್ಲ.

ಮೊದಲ ಆಯ್ಕೆ

ಮೂರನೇ ವಾರಕ್ಕೆ ಮನೆಗೆ ರಾಟ್‌ವೀಲರ್ ಮರಿ ಬಂತು. ಗಂಡು, 40 ದಿನದ್ದು, ಬೆಲೆ 22,000 ರೂಪಾಯಿ. ಟೈಸನ್ ಎಂದು ಹೆಸರಿಟ್ಟರು. ತಳಿ ನಿರ್ಧಾರವಾದದ್ದು ಮೊಬೈಲಿನಲ್ಲಿ ನೋಡಿದ ವಿಡಿಯೊಗಳಿಂದ. ಕೇಳಿಕೊಂಡಿದ್ದ ಪ್ರಶ್ನೆ ಒಂದೇ: ಕಳ್ಳ ಯಾವ ನಾಯಿಗೆ ಹೆದರುತ್ತಾನೆ?

ಮೊದಲ ತಪ್ಪು ಆ ದಿನವೇ ಆಯಿತು. 2017ರ ಶ್ವಾನ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಈ ನಿಯಮಕ್ಕೆ ಕಾರಣವಿದೆ. ಐದನೇ ವಾರದಿಂದ ಎಂಟನೇ ವಾರದವರೆಗೆ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಎದುರಿನದು ಕಿರುಚಿ ಆಟ ಬಿಡುತ್ತದೆ, ತಾಯಿ ಗದರುತ್ತದೆ. ಹಲ್ಲಿಗೆ ಎಷ್ಟು ಬಲ ಹಾಕಬಹುದು ಎಂಬ ಅಳತೆ ನಾಯಿಗೆ ಸಿಗುವುದು ಅಲ್ಲೇ. ಟೈಸನ್‌ಗೆ ಆ ಪಾಠದ ಬಹುಪಾಲು ತಪ್ಪಿಹೋಯಿತು.

ಎರಡನೆಯ ತಪ್ಪು ನಿಧಾನವಾಗಿ ನಡೆಯಿತು. ಸುಮಾರು 3ರಿಂದ 14 ವಾರದೊಳಗೆ ಮರಿ ಯಾರನ್ನು, ಯಾವುದನ್ನು ಸಲೀಸಾಗಿ ನೋಡುತ್ತದೋ ಅವೆಲ್ಲ ಅದರ ಪಾಲಿಗೆ ಸಾಮಾನ್ಯ ಸಂಗತಿಗಳಾಗುತ್ತವೆ. ನೋಡದೇ ಉಳಿದದ್ದು ಮುಂದೆ ಅನುಮಾನದ ವಸ್ತು. ಕಾವಲುನಾಯಿಯನ್ನು ಹೊರಗಿನವರಿಗೆ ಮುಟ್ಟಿಸಬಾರದು, ಕಟ್ಟಿಹಾಕಿದರೆ ಜೋರಾಗುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ, ಮರಿಯನ್ನು ಅಟ್ಟದ ಪಕ್ಕ 6 ಅಡಿ ಸರಪಳಿಯಲ್ಲಿ ಕಟ್ಟಿದರು. ಊಟ ಹಾಕುತ್ತಿದ್ದವರು ಅಜ್ಜಿ. ನಾಯಿ ದೊಡ್ಡದಾದಂತೆ ಭಯವಾಗಿ, ತಟ್ಟೆಯನ್ನು ಕೋಲಿನಿಂದ ತಳ್ಳತೊಡಗಿದರು. ಕೋಲು ಹತ್ತಿರ ಬಂದಾಗಲೆಲ್ಲ ಊಟ, ಊಟ ಬಂದಾಗಲೆಲ್ಲ ಕೋಲು. ತಟ್ಟೆಯ ಹತ್ತಿರ ಯಾರು ಸುಳಿದರೂ ಗುರುಗುಟ್ಟುವುದನ್ನು ನಾಯಿ ಎಂಟನೇ ತಿಂಗಳಿಗೆ ಕಲಿತಿತ್ತು. ಮನೆಯವರು ಅದನ್ನು ಕಾವಲು ಬುದ್ಧಿ ಎಂದು ತಿಳಿದು ಸಂತೋಷಪಟ್ಟರು.

2023ರ ನವೆಂಬರ್‌ನಲ್ಲಿ ಅದು ಕಚ್ಚಿತು. ಕಚ್ಚಿಸಿಕೊಂಡವರು ಏಳೆಂಟು ವರ್ಷದಿಂದ ಬರುತ್ತಿದ್ದ, ಕಾಯಿ ಕೀಳುವ ಆಳು. ಗೋಡೆಗೆ ಒರಗಿಸಿದ್ದ ದೋಟಿ ತೆಗೆಯಲು ಕೈ ಚಾಚಿದರು. ದೋಟಿಯ ಬುಡ ಸರಪಳಿಯ ಸುತ್ತಳತೆಯ ಒಳಗಿತ್ತು, ಆ ಸುತ್ತಳತೆಗೆ ನೆಲದಲ್ಲಿ ಗುರುತಿರಲಿಲ್ಲ. ದೋಟಿ ಎಂದರೆ ಕೋಲು, ಕೋಲು ಎಂದರೆ ತಟ್ಟೆ. ಆಗ ಟೈಸನ್ 11 ತಿಂಗಳಿನ, 42 ಕೆ.ಜಿ. ತೂಕದ ನಾಯಿ. ಮುಂಗೈಯಲ್ಲಿ ಎರಡು ಆಳವಾದ ತೂತು ಬಿದ್ದವು.

ಗಾಯಕ್ಕೆ ಮೊದಲು ಹಾಕಿದ್ದು ಕಾಫಿಪುಡಿ. ಅಲ್ಲಿ ಅರ್ಧ ಗಂಟೆ ಹೋಯಿತು. ಮಾಡಬೇಕಿದ್ದದ್ದು ನಲ್ಲಿಯ ಕೆಳಗೆ ಕೈಯಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆಯುವುದು, ಅಷ್ಟೇ. ಕಾಫಿಪುಡಿ, ಸುಣ್ಣ, ಅರಿಶಿನ ಯಾವುದೂ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯ), ಚರ್ಮದೊಳಗೆ ರೇಬಿಸ್ ಲಸಿಕೆ ಕೊಟ್ಟರು: ಮೊದಲ ದಿನ, ನಂತರ 3, 7 ಮತ್ತು 28ನೇ ದಿನ. ನಾಯಿಯ ಕಾರ್ಡು ತೆರೆದು ನೋಡಿದರೆ 45ನೇ ದಿನದ ಒಂದು ಚುಚ್ಚುಮದ್ದು ಬಿಟ್ಟು ಬೇರೇನೂ ಇಲ್ಲ. ಮೂರು ತಿಂಗಳಿಗೆ ಹಾಕಿಸಬೇಕಾದ ರೇಬಿಸ್ ಲಸಿಕೆ ಬಿಟ್ಟುಹೋಗಿತ್ತು. ನಾಯಿಯನ್ನು 10 ದಿನ ಕೂಡಿಹಾಕಿ ನಿಗಾ ಇಟ್ಟರು, ಆರೋಗ್ಯವಾಗಿಯೇ ಇತ್ತು. ಹತ್ತನೇ ದಿನದವರೆಗೆ ಆ ಆಳಿನ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಮಲಗಲಿಲ್ಲ. ಲಸಿಕೆ ಹಾಕಿಸದ ನಾಯಿಯ ನಿಜವಾದ ಬೆಲೆ ಅದು.

ಮನೆಯವರು ಚಿಕಿತ್ಸೆಯ ಖರ್ಚು ಮತ್ತು ಮೂರು ವಾರದ ಕೂಲಿ ಕೊಟ್ಟರು. ದೂರು ದಾಖಲಾಗಲಿಲ್ಲ. ಆಗಬಹುದಿತ್ತು: ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳದಿರುವುದು ಆಗ ಐಪಿಸಿ 289ರಡಿ ಅಪರಾಧ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ: 6 ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಸರಿಪಡಿಸಲು ನೋಡಿದ್ದು

ಕಚ್ಚಿದ ನಾಯಿಯನ್ನು ಕೂಡಲೇ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅದು ಸಹಜ, ಮಕ್ಕಳಿಗೆ ಅದರ ಮೇಲೆ ಜೀವವಿತ್ತು. ಸರಪಳಿ ದಪ್ಪದ್ದು ಬಂತು. ತರಬೇತುದಾರರೊಬ್ಬರು 6 ಭಾನುವಾರ ಬಂದರು. ಆರನೇ ವಾರಕ್ಕೆ ಟೈಸನ್ ಅವರ ಮಾತಿಗೆ ಕೂರುತ್ತಿತ್ತು, ಬರುತ್ತಿತ್ತು, ಬಾಯಲ್ಲಿದ್ದದ್ದನ್ನು ಬಿಡುತ್ತಿತ್ತು. ಯಜಮಾನರ ಮಾತನ್ನೂ ಒಂದು ಮಟ್ಟಿಗೆ ಕೇಳುತ್ತಿತ್ತು. ಆದರೆ ಪಾಠ ನಡೆದದ್ದೆಲ್ಲ ಭಾನುವಾರ, ಯಜಮಾನರ ಕೈಯಲ್ಲಿ ಹಗ್ಗ ಇದ್ದಾಗ. ಸೋಮವಾರದಿಂದ ಗುರುವಾರದವರೆಗೆ ನಾಯಿಯನ್ನು ನೋಡಿಕೊಳ್ಳುತ್ತಿದ್ದ ಗೃಹಿಣಿ ಆ 6 ವಾರವೂ ಅಡುಗೆಮನೆಯಲ್ಲಿ ತರಬೇತುದಾರರಿಗೆ ಕಾಫಿ ಮಾಡುತ್ತಿದ್ದರು. ಹಗ್ಗ ಹಿಡಿಯುವವರಿಗೆ ತರಬೇತಿ ಆಗಲೇ ಇಲ್ಲ. ಇಂಥ ಮನೆಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ತಪ್ಪು ಇದು, ದುಡ್ಡು ಹೆಚ್ಚು ಹಾಳಾಗುವುದೂ ಇಲ್ಲೇ.

2024ರ ಫೆಬ್ರುವರಿಯಲ್ಲಿ ನಾಯಿಯನ್ನು ಬಿಸಿಲಿನಿಂದ ನೆರಳಿಗೆ ಕಟ್ಟಲು ಅಜ್ಜಿ ಸರಪಳಿ ಬಿಚ್ಚಿದರು. ಸರಪಳಿಯ ತುದಿ ಮಣಿಕಟ್ಟಿಗೆ ಸುತ್ತಿಕೊಂಡಿತ್ತು. ಕೋಳಿ ಓಡಿತು, ನಾಯಿ ಓಡಿತು. “ಅದ್ರ ತಪ್ಪೇನಿಲ್ಲ ಕಣಪ್ಪಾ, ನಾನಿದ್ದೀನಿ ಅಂತ್ಲೇ ಅದುಕ್ ಗೊತ್ತಾಗ್ಲಿಲ್ಲ” ಎಂದು ಆಮೇಲೆ ಹೇಳಿದರು. ಮಣಿಕಟ್ಟಿನ ಮೂಳೆ ಮುರಿದಿತ್ತು. ನಾಯಿಯನ್ನು ಬೇರೆ ಮನೆಗೆ ಕೊಡುವ ತೀರ್ಮಾನ ಆ ವಾರ ಆಯಿತು.

ಕೊಡುವುದು ಸುಲಭವಾಗಲಿಲ್ಲ. ಒಪ್ಪಿಕೊಂಡಿದ್ದ ಒಬ್ಬರು ಮಾರ್ಚ್‌ನಲ್ಲಿ ಹಿಂದೆ ಸರಿದರು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಸುತ್ತೋಲೆ ಕಳಿಸಿ, 23 ಬಗೆಯ ನಾಯಿಗಳ ಆಮದು, ತಳಿ ಸಂವರ್ಧನೆ, ಮಾರಾಟ ನಿಲ್ಲಿಸಲು, ಈಗಾಗಲೇ ಸಾಕುತ್ತಿರುವವಕ್ಕೆ ಸಂತಾನಹರಣ ಮಾಡಿಸಲು ಹೇಳಿತ್ತು. ಪಿಟ್‌ಬುಲ್, ಕೇನ್ ಕೊರ್ಸೊ, ಕಂಗಾಲ್‌ಗಳ ಜೊತೆ ರಾಟ್‌ವೀಲರ್ ಕೂಡ ಆ ಪಟ್ಟಿಯಲ್ಲಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಎಂಬ ಕಾರಣಕ್ಕೆ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಸುತ್ತೋಲೆಯನ್ನು ರದ್ದು ಮಾಡಿತು. ಆದರೂ ಜನರ ಅಂಜಿಕೆ ಹೋಗಲಿಲ್ಲ. ಕೊನೆಗೆ ಜೂನ್‌ನಲ್ಲಿ, ಶ್ವಾನದಳದಲ್ಲಿ ದುಡಿದು ನಿವೃತ್ತರಾದ ಒಬ್ಬರು ಟೈಸನ್‌ನನ್ನು ತೆಗೆದುಕೊಂಡರು. ಬೀಜ ತೆಗೆಸಿ, ರೇಬಿಸ್ ಲಸಿಕೆ ಹಾಕಿಸಿ, ಬಾಯಿಗೆ ತಂತಿಯ ಕುಕ್ಕೆ ಹಾಕಿಕೊಂಡು ಓಡಾಡುವುದನ್ನು ಮೂರು ವಾರ ಅಭ್ಯಾಸ ಮಾಡಿಸಿ, ಕಚ್ಚಿದ ವಿಷಯ ಮುಚ್ಚಿಡದೆ ಕಾಗದದಲ್ಲಿ ಬರೆದು ಕೊಟ್ಟರು. ಈ ಕೊನೆಯ ಕೆಲಸವನ್ನು ಎಷ್ಟೋ ಮನೆಯವರು ಮಾಡುವುದಿಲ್ಲ, ಹಾಗಾಗಿ ಎರಡನೇ ಮನೆಯಲ್ಲಿ ಎರಡನೇ ಗಾಯವಾಗುತ್ತದೆ. ಟೈಸನ್ ಅಲ್ಲಿ ಚೆನ್ನಾಗಿದೆ. ನಾಯಿ ಕೆಟ್ಟದ್ದಾಗಿರಲಿಲ್ಲ, ಈ ಮನೆಗೆ ಒಗ್ಗುವಂಥದ್ದಾಗಿರಲಿಲ್ಲ.

ಒಂದು ವಾರದ ನೋಟ್‌ಬುಕ್

ಎರಡನೇ ಸಲ ನಾಯಿಯ ಮಾತು ಬಂದಾಗ, ಸಲಹೆ ಕೇಳಿದ ಮನೆಯವರಿಗೆ ನಾವು ತಳಿಯ ಹೆಸರು ಎತ್ತುವ ಮೊದಲು ಗೇಟಿನ ಹತ್ತಿರ ಒಂದು ನೋಟ್‌ಬುಕ್ ತೂಗುಹಾಕಲು ಹೇಳಿದೆವು. ಯಾರು ಬಂದರು, ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ ಒಳಗೆ ಬಂದರು. ಜುಲೈನ ಒಂದು ವಾರದಲ್ಲಿ 83 ಸಲ ಜನ ಬಂದಿದ್ದರು: ಡೇರಿಗೆ ಹಾಲು ಒಯ್ಯುವ ಹುಡುಗ ದಿನಕ್ಕೆ ಎರಡು ಸಲ, ಆಳುಗಳು, ಗೊಬ್ಬರದ ಟ್ರ್ಯಾಕ್ಟರು, ಮಗಳ ಗೆಳತಿಯರು, ಲೈನ್‌ಮನ್, ಮದುವೆಗೆ ಕರೆಯಲು ಬಂದವರು. ರಾತ್ರಿ 9ರಿಂದ ಬೆಳಗಿನ 5ರವರೆಗೆ ಬಂದದ್ದು ಒಬ್ಬರೇ, ಅದೂ ಯಜಮಾನರು.

ಕಳ್ಳ ಬರುವುದು ವರ್ಷಕ್ಕೆ ಒಂದು ಸಲವೋ ಎರಡು ಸಲವೋ, ಹಾಲಿನ ಹುಡುಗ ಬರುವುದು ದಿನಕ್ಕೆ ಎರಡು ಸಲ. ನಾಯಿಯನ್ನು ಆರಿಸಬೇಕಾದದ್ದು ಈ ಹುಡುಗನನ್ನು ಮುಂದಿಟ್ಟುಕೊಂಡು. ಈ ಪ್ರಕರಣದ ಉಳಿದ ತೀರ್ಮಾನಗಳೆಲ್ಲ ಇದರಿಂದಲೇ ಹುಟ್ಟಿದವು.

ಆಮೇಲೆ ಕೈಯ ಬಲ ನೋಡಿದೆವು. ಗೃಹಿಣಿಯ ತೂಕ 54 ಕೆ.ಜಿ. ಹಗ್ಗದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಅವರ ಅಣ್ಣನ 16 ವರ್ಷದ ಮಗನ ಕೈಯಲ್ಲಿ. ಬೇರೇನೋ ಮಾತಾಡುತ್ತಿರುವಾಗ ಹೇಳದೆ ಕೇಳದೆ ಎಳೆಯಲು ಹುಡುಗನಿಗೆ ಹೇಳಿದ್ದೆವು. ಎಳೆದ. ಅವರು ಎರಡು ಹೆಜ್ಜೆ ಮುಗ್ಗರಿಸಿ ನಿಂತರು. ದಿನಾಲೂ ಹಗ್ಗ ಹಿಡಿಯುವವರ ತೂಕದ ಅರ್ಧಕ್ಕಿಂತ ಹೆಚ್ಚು ಭಾರದ ನಾಯಿ ಬೇಡ ಎಂದು ಅಲ್ಲೇ ಗೆರೆ ಹಾಕಿಕೊಂಡೆವು. ಇದು ಶಾಸ್ತ್ರದ ಲೆಕ್ಕವಲ್ಲ, ಕೈ ಅನುಭವದ ಲೆಕ್ಕ. ತರಬೇತಾದ ನಾಯಿಯಾದರೆ ಎರಡು ಮೂರು ಕೆ.ಜಿ. ಆಚೀಚೆ ಆಗಬಹುದು.

ಮೂರನೆಯ ಸುಳಿವು ಅಜ್ಜಿಯಿಂದ ಬಂತು, ಯಾರೂ ಕೇಳದೆಯೇ. “ಕರಿಯ ಇರೋವರ್ಗೂ ನಮ್ ತ್ವಾಟ್ದಾಗೆ ಒಂದ್ ಕಾಯೂ ಹೋಗಿರ್ಲಿಲ್ಲ ಕಣವ್ವ” ಎಂದು ಸೊಸೆಗೆ ಹೇಳಿದರು. ಕರಿಯ ಯಾರು ಎಂದು ವಿಚಾರಿಸಿದರೆ, 11 ವರ್ಷ ಮನೆಯಲ್ಲಿದ್ದ ನಾಟಿ ನಾಯಿ. 18 ಕೆ.ಜಿ. ಇದ್ದಿರಬಹುದು. ಯಾರನ್ನೂ ಕಚ್ಚಿರಲಿಲ್ಲ. ಅದು ಸತ್ತದ್ದು 2022ರ ಮಧ್ಯದಲ್ಲಿ. ಕೇಬಲ್ ಹೋದದ್ದು ಅದಾದ ಮೂರು ತಿಂಗಳಿಗೆ, ಕೊಬ್ಬರಿ ಹೋದದ್ದು ಐದು ತಿಂಗಳಿಗೆ. ಮನೆಯವರ ಲೆಕ್ಕದಲ್ಲಿ ಅದು ಕಾವಲುನಾಯಿಯೇ ಆಗಿರಲಿಲ್ಲ, ಸುಮ್ಮನೆ ಇದ್ದ ನಾಯಿ. ಈ ಮನೆಗೆ ಬೇಕಿದ್ದದ್ದು ಕಚ್ಚುವ ಬಾಯಲ್ಲ, ದೂರದಿಂದಲೇ ಗೊತ್ತುಮಾಡಿ ಕೂಗುವ ಬಾಯಿ. ಅದರ ಹಿಂದೆ, ಬೇಲಿಯಾಚೆ ನಿಂತವನು ನೋಡಿ ಎರಡು ಸಲ ಯೋಚಿಸುವಂಥ ಒಂದು ಗಾತ್ರ.

ತಳಿಗಳನ್ನು ತೂಗಿದ ಬಗೆ

ಲ್ಯಾಬ್ರಡಾರ್ ಮೊದಲ ಮಾತಿಗೇ ಬಿಟ್ಟುಹೋಯಿತು. ಮಕ್ಕಳಿಗೆ ಒಳ್ಳೆಯದು, ಕಾವಲಿಗಲ್ಲ. ಡಾಬರ್‌ಮನ್ ಬಗ್ಗೆ ಹೆಚ್ಚು ಹೊತ್ತು ಚರ್ಚೆಯಾಯಿತು. ಗಿಡ್ಡ ಕೂದಲು, ಸೆಕೆ ತಡೆಯುತ್ತದೆ, ಮೈಮೇಲೆ ಉಣ್ಣೆಹುಳ ಹತ್ತಿದರೆ ಕಣ್ಣಿಗೆ ಬೀಳುತ್ತದೆ, ಹೆಣ್ಣಾದರೆ 32 ಕೆ.ಜಿ. ಆಸುಪಾಸು. ಆದರೆ ಅದು ಒಬ್ಬರಿಗೆ ಅಂಟಿಕೊಳ್ಳುವ, ದಿನಕ್ಕೆ ಒಂದು ಗಂಟೆಯಾದರೂ ಕೆಲಸ ಬೇಡುವ ನಾಯಿ. ಹೃದಯದ ಸ್ನಾಯು ಸಡಿಲಾಗುವ ವಂಶದ ಕಾಯಿಲೆ ಈ ತಳಿಯಲ್ಲಿ ಹೆಚ್ಚು, ಅಪ್ಪ ಅಮ್ಮನ ಹೃದಯ ತಪಾಸಣೆಯ ಕಾಗದ ತೋರಿಸುವ ಮಾರಾಟಗಾರರು ಆ ಸುತ್ತಿನಲ್ಲಿ ಸಿಗಲಿಲ್ಲ. ರಾಜಪಾಳಯಂ ಹೊರಗಿನವರನ್ನು ಸುಲಭಕ್ಕೆ ಒಪ್ಪುವ ನಾಯಿಯಲ್ಲ. ದಿನಕ್ಕೆ ಹನ್ನೆರಡು ಜನ ಓಡಾಡುವ ಅಂಗಳಕ್ಕೆ ಅದೇ ತೊಡಕು. ಅಚ್ಚ ಬಿಳಿ ನಾಯಿಗಳಲ್ಲಿ ಕಾಣುವ ಕಿವುಡು ಈ ತಳಿಯಲ್ಲೂ ಇದೆ, ಮರಿಯ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡದೆ ಕೊಳ್ಳಬಾರದು.

ಯಜಮಾನರ ಮನಸ್ಸಿದ್ದದ್ದು ಮುಧೋಳ ನಾಯಿಯ ಮೇಲೆ. ನಮ್ಮ ನೆಲದ ನಾಯಿ ಎಂಬ ಅಭಿಮಾನ ಸಣ್ಣದಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿದೆ, ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಸರಿಯಾದ ಮರಿ ಬೇಕೆನ್ನುವವರು ಅಲ್ಲಿ ವಿಚಾರಿಸುವುದು ಒಳ್ಳೆಯದು. ತೂಕ 20ರಿಂದ 28 ಕೆ.ಜಿ., ಹೆಚ್ಚುಕಡಿಮೆ ನಮ್ಮ ಗೆರೆಯೊಳಗೇ ಕೂರುತ್ತದೆ. ಆದರೂ ಬೇಡ ಎಂದೆವು. ಕಾರಣ ಅದರ ಕಣ್ಣು. ಇದು ಮೂಸಿ ಹುಡುಕುವ ನಾಯಿಯಲ್ಲ, ಕಂಡು ಅಟ್ಟುವ ನಾಯಿ. ಬಯಲಿನಲ್ಲಿ ದೂರದ ಮೊಲ ಅಲುಗಿದರೂ ಸಾಕು, ಕೂಗಿದ್ದು ಕಿವಿಗೆ ಬೀಳುವ ಮೊದಲೇ ಓಟ ಶುರುವಾಗಿರುತ್ತದೆ. ಈ ತೋಟದ ಪಕ್ಕದ ಕೆರೆ ಏರಿ ಮೇಲೆ ದಿನಾ ಎರಡು ಹೊತ್ತು ಕುರಿಹಿಂಡು ಹಾಯುತ್ತದೆ. ಐದು ಅಡಿ ಬೇಲಿ ಅದಕ್ಕೆ ಬೇಲಿಯೇ ಅಲ್ಲ. ಒಂದು ಕುರಿ ಸತ್ತರೆ ಊರಿನೊಂದಿಗಿನ ಸಂಬಂಧವೂ ಕೆಡುತ್ತದೆ. ಜೊತೆಗೆ ಮುಧೋಳ ಹೆಚ್ಚು ಬೊಗಳುವ ನಾಯಿಯಲ್ಲ. ತೆರೆದ ಹೊಲ, ಓಡಿಸಲು ಆಳು, ಬೇಟೆಯ ಬುದ್ಧಿ ಬಲ್ಲ ಯಜಮಾನ ಇರುವ ಕಡೆ ಅದಕ್ಕೆ ಸಾಟಿಯಿಲ್ಲ. ಇಲ್ಲಿ ಅದೊಂದೂ ಇರಲಿಲ್ಲ.

ಕೊನೆಗೆ ನಿಂತ ತೀರ್ಮಾನ ಎರಡು ನಾಯಿಗಳದ್ದು, ಎರಡೂ ಹೆಣ್ಣು. ಒಂದು ನಾಟಿ, ಕೂಗುವುದಕ್ಕೆ. ಇನ್ನೊಂದು ಜರ್ಮನ್ ಶೆಫರ್ಡ್, ಮರಿಯಲ್ಲ, ಬೆಳೆದದ್ದು.

ಬೆಳೆದ ನಾಯಿಯೇ ಯಾಕೆ ಎಂದು ಮನೆಯವರೂ ಕೇಳಿದರು. ಎರಡು ತಿಂಗಳ ಮರಿಯಲ್ಲಿ ಅದರ ಸ್ವಭಾವವೂ ಸೊಂಟದ ಕೀಲೂ ಹೇಗಾಗುತ್ತವೆಂದು ಯಾರೂ ಹೇಳಲಾರರು. ಒಂದು ವರ್ಷ ದಾಟಿದ ನಾಯಿಯಲ್ಲಿ ಎರಡೂ ಕಣ್ಣೆದುರಿಗಿರುತ್ತವೆ. ಊರು ಬಿಟ್ಟು ಹೊರಟಿದ್ದ ಒಂದು ಕುಟುಂಬದ 14 ತಿಂಗಳ ಹೆಣ್ಣು, ರಾಣಿ, 28 ಕೆ.ಜಿ., ಮಕ್ಕಳೊಂದಿಗೇ ಬೆಳೆದದ್ದು. ಮೂರು ಸಲ ಹೋಗಿ ನೋಡಲಾಯಿತು. ಸ್ಟೀಲ್ ತಟ್ಟೆಯನ್ನು ಬೆನ್ನ ಹಿಂದೆ ಬೀಳಿಸಿದಾಗ ಬೆಚ್ಚಿತು, ಅರ್ಧ ನಿಮಿಷದೊಳಗೆ ತಿರುಗಿ ಬಂದು ತಟ್ಟೆ ಮೂಸಿತು. ಬೆಚ್ಚುವುದು ತಪ್ಪಲ್ಲ, ಮರಳಿ ಬರಬೇಕು, ಅದೇ ಮುಖ್ಯ. ಊಟದ ನಡುವೆ ಅದರ ಮನೆಯವರು ತಟ್ಟೆ ಎತ್ತಿದಾಗ ಸುಮ್ಮನೆ ನಿಂತು ನೋಡಿತು. ಅಪರಿಚಿತರು ಗೇಟು ಅಲುಗಿಸಿದಾಗ ನಿಂತಲ್ಲೇ ಗಟ್ಟಿಯಾಗಿ ಬೊಗಳಿತು, ಮನೆಯವರು ಮಾತಾಡಿಸಿದ ಮೇಲೆ ನಿಲ್ಲಿಸಿತು. ಬೊಗಳುತ್ತಾ ಹಿಂದೆ ಹಿಂದೆ ಸರಿಯುವ ನಾಯಿಯನ್ನು ಮಾತ್ರ ಯಾವ ಮನೆಯೂ ಕಾವಲಿಗೆ ತರಬಾರದು. ಅದು ಭಯದ ಬೊಗಳು, ಮೂಲೆಗೆ ಸಿಕ್ಕ ದಿನ ಕಚ್ಚುತ್ತದೆ. ಸೊಂಟದ ಎಕ್ಸ್‌ರೇ ತೆಗೆಸಿದೆವು, ಕೀಲು ಸರಿಯಿತ್ತು. ಈ ತಳಿಯಲ್ಲಿ ಬೆನ್ನು ಹಿಂದಕ್ಕೆ ತೀರಾ ಇಳಿಜಾರಾದ, ಹಿಂಗಾಲು ಎಳೆದಂತೆ ನಡೆಯುವ ನಾಯಿಗಳನ್ನು ಮುಟ್ಟಬಾರದು.

ನಾಟಿ ಮರಿ ಪಕ್ಕದ ಊರಿನ ತೋಟದ್ದು, ಕೆಂಪಿ. ಆರಿಸುವಾಗ ಮರಿಗಳನ್ನಲ್ಲ, ತಾಯಿಯನ್ನು ನೋಡಿದೆವು. ಹೊಸಬರನ್ನು ಕಂಡರೆ ದೂರ ನಿಂತು ಬಿಡದೆ ಕೂಗುವ, ಮನೆಯವರು ಬಂದರೆ ಬಾಲ ಅಲ್ಲಾಡಿಸುವ ತಾಯಿ. ಒಂಬತ್ತು ವಾರಕ್ಕೆ, 2024ರ ಆಗಸ್ಟ್‌ನಲ್ಲಿ ತಂದರು. ಲಸಿಕೆಯ ಸರಣಿ 16 ವಾರದವರೆಗೆ, ರೇಬಿಸ್ ಮೂರು ತಿಂಗಳಿಗೆ, ಜಂತುಹುಳುವಿನ ಔಷಧಿ ಕಾಲಕಾಲಕ್ಕೆ. ಈ ಸಲ ಕಾರ್ಡು ಫ್ರಿಜ್ಜಿನ ಮೇಲೆ ಅಂಟಿತು. ಏಳನೇ ತಿಂಗಳಿಗೆ ಸಂತಾನಹರಣವಾಯಿತು. ಬೆದೆಗೆ ಬಂದ ಹೆಣ್ಣಿದ್ದರೆ ಊರಿನ ಗಂಡು ನಾಯಿಗಳೆಲ್ಲ ಬೇಲಿ ಸುತ್ತುತ್ತವೆ, ಆ ಗದ್ದಲದಲ್ಲಿ ಯಾವ ಬೊಗಳು ಯಾವುದಕ್ಕೆ ಎಂದು ಗೊತ್ತಾಗುವುದೇ ಇಲ್ಲ.

ಅಂಗಳ ಬದಲಾಯಿತು, ಚಿರತೆಯಿಂದಾಗಿ ಇನ್ನಷ್ಟು

ಸರಪಳಿ ತೆಗೆದೆವು. ಮನೆ ಮತ್ತು ಅಟ್ಟವನ್ನು ಸುತ್ತುವಂತೆ ಐದೂವರೆ ಅಡಿ ಎತ್ತರದ ಚೈನ್‌ಲಿಂಕ್ ಬೇಲಿ ಬಂತು, ತಳದ ಅರ್ಧ ಅಡಿ ಮಣ್ಣಿನೊಳಗೆ. ರಸ್ತೆಯ ಗೇಟಿನಿಂದ 12 ಅಡಿ ಒಳಗೆ ಎರಡನೇ ಗೇಟು. ಬಂದವರು ನಡುವೆ ನಿಂತು ಗಂಟೆ ಒತ್ತುತ್ತಾರೆ, ಹಾಲಿನ ಕ್ಯಾನು ಇಡಲು ಅಲ್ಲೇ ಒಂದು ಕಲ್ಲುಕಟ್ಟೆ. ಒಂದೇ ಗೇಟು ಇದ್ದರೆ, ಅದು ತೆರೆದಾಗಲೆಲ್ಲ ನಾಯಿಯನ್ನು ಹಿಡಿಯುವ ಕೆಲಸ. ಎರಡಿದ್ದರೆ ಆ ಕೆಲಸವೇ ಇಲ್ಲ. ದೋಟಿ, ಹಾರೆ, ಗುದ್ದಲಿ ಎಲ್ಲ ಬೇಲಿಯ ಹೊರಗಿನ ಶೆಡ್ಡಿಗೆ ಹೋದವು.

ನಾಯಿಗಳಿಗೆ ಅಟ್ಟದ ಮುಂದೆ ಗೂಡು ಕಟ್ಟುವುದು ಮೊದಲ ಯೋಜನೆ. ಸೆಪ್ಟೆಂಬರ್‌ನಲ್ಲಿ ಎರಡು ತೋಟದಾಚೆ ಕಟ್ಟಿಹಾಕಿದ್ದ ಒಂದು ನಾಯಿಯನ್ನು ಚಿರತೆ ಹೊತ್ತೊಯ್ದಿತು. ಬೆಳಿಗ್ಗೆ ಉಳಿದದ್ದು ಸರಪಳಿ ಮತ್ತು ಬೆಲ್ಟು. ತುಮಕೂರು, ರಾಮನಗರ, ಮೈಸೂರು ಸೀಮೆಯ ತೋಟಗಳಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾವಲುನಾಯಿಯ ಮಾತಾಡುವಂತೆಯೇ ಇಲ್ಲ. ಚಿರತೆಗೆ ನಾಯಿ ಸುಲಭದ ಊಟ, 40 ಕೆ.ಜಿ. ನಾಯಿಯೂ ಅಷ್ಟೇ. ಹೊರಗೆ ಕಟ್ಟಿದ ನಾಯಿ ಚಿರತೆಯನ್ನು ಮನೆಬಾಗಿಲಿಗೆ ಕರೆತರುತ್ತದೆ, ಅಲ್ಲಿ ಮಕ್ಕಳಿದ್ದಾರೆ.

ಹಾಗಾಗಿ ಯೋಜನೆ ತಿರುಗಿತು. ರಾತ್ರಿ 7ರ ಮೇಲೆ ಎರಡೂ ನಾಯಿ ಮುಂದಿನ ಜಗುಲಿಯೊಳಗೆ. ಜಗುಲಿಗೆ ಮೇಲಿನವರೆಗೂ ಕಬ್ಬಿಣದ ಗ್ರಿಲ್, ಅದರ ಒಳಮೈಗೆ ಪಂಜ ತೂರದಂತೆ ವೆಲ್ಡ್‌ಮೆಶ್ ತಂತಿಬಲೆ. ಅಟ್ಟದ ಬಾಗಿಲು ಅಲ್ಲಿಂದ 25 ಅಡಿ, ಗಾಳಿ ಬೀಸುವುದೂ ಆ ಕಡೆಯಿಂದಲೇ. ನಾಯಿ ಒಳಗಿದ್ದರೆ ಕಳ್ಳನನ್ನು ಹಿಡಿಯುವುದು ಹೇಗೆ ಎಂದು ಯಜಮಾನರು ಕೇಳಿದರು. ಹಿಡಿಯುವುದು ನಾಯಿಯ ಕೆಲಸವಲ್ಲ. ನಾಯಿ ಕೂಗಬೇಕು, ಗೃಹಿಣಿ ಮಂಚದ ಪಕ್ಕದ ಒಂದೇ ಸ್ವಿಚ್ಚಿನಿಂದ ನಾಲ್ಕು ಮೂಲೆಯ ದೀಪ ಹಾಕಬೇಕು, ಬಾಗಿಲು ತೆರೆಯದೆ ಪಕ್ಕದ ತೋಟದವರಿಗೆ ಫೋನ್ ಮಾಡಬೇಕು. ಈ ಮೂರನ್ನೂ ಒಂದು ಸಂಜೆ ಮಕ್ಕಳೊಂದಿಗೆ ಮಾಡಿ ನೋಡಿದರು.

ರಾಣಿ ಅಕ್ಟೋಬರ್‌ನಲ್ಲಿ ಬಂತು. ಎರಡು ನಾಯಿಗಳ ಮೊದಲ ಭೇಟಿ ಅಂಗಳದಲ್ಲಲ್ಲ, ಕೆರೆ ಏರಿಯ ಮೇಲೆ, ಇಬ್ಬರ ಕೈಯಲ್ಲಿ ಎರಡು ಹಗ್ಗ, ಹತ್ತು ಅಡಿ ಅಂತರದಲ್ಲಿ ಒಂದೇ ದಿಕ್ಕಿಗೆ ನಡಿಗೆ. ಮೂರನೇ ದಿನ ಮನೆಯೊಳಗೆ. ಊಟದ ತಟ್ಟೆಗಳು ಬೇರೆ ಬೇರೆ ಮೂಲೆಯಲ್ಲಿ, ಈಗಲೂ ಹಾಗೆಯೇ. ಮೊದಲ ತಿಂಗಳು ಹಗ್ಗ ಹಿಡಿದದ್ದೂ ಊಟ ಹಾಕಿದ್ದೂ ಗೃಹಿಣಿ ಮಾತ್ರ. ಈ ಸಲ ಕಾಫಿ ಮಾಡಿದ್ದು ಯಜಮಾನರು.

ಎಸೆದ ಊಟ ಮುಟ್ಟದಂತೆ ಕಲಿಸುವುದಕ್ಕೆ ಹೆಚ್ಚು ದಿನ ಹಿಡಿಯಿತು. ಮಾಂಸದಲ್ಲಿ ವಿಷ ಬೆರೆಸಿ ಎಸೆಯುವುದು ಕಳ್ಳರ ಹಳೇ ದಾರಿ. ಹಗ್ಗದಲ್ಲಿ ಹಿಡಿದು, ಹೊಸಬರ ಕೈಯಲ್ಲಿ ಕೋಳಿ ತುಂಡು ಕೊಡಿಸಿ, ನಾಯಿ ಮುಂದೆ ಬಂದರೆ “ಬಿಡು”, ಬಿಟ್ಟ ಕ್ಷಣ ಮನೆಯವರ ಕೈಯಿಂದ ಅದಕ್ಕಿಂತ ರುಚಿಯಾದದ್ದು. ದಿನಕ್ಕೆ 10 ನಿಮಿಷ, ಎರಡು ವಾರ. ನಂತರ ನೆಲದ ಮೇಲೆ, ನಂತರ ಬೇಲಿಯಾಚೆಯಿಂದ ಎಸೆದು, ಕೊನೆಗೆ ಮನೆಯವರು ಮರೆಯಲ್ಲಿ ನಿಂತು. ರಾಣಿ ಏಳು ವಾರಕ್ಕೆ ಕಲಿಯಿತು. ಕೆಂಪಿ ಕಲಿಯಲೇ ಇಲ್ಲ, ಸಿಕ್ಕಿದ್ದೆಲ್ಲ ತಿನ್ನುತ್ತದೆ. ಅದಕ್ಕೆ ಉಪಾಯ ಜಗುಲಿಯೇ: ಗ್ರಿಲ್ಲಿಗೆ ಬೇಲಿಯಿಂದ ಎಸೆದದ್ದು ತಲುಪುವುದಿಲ್ಲ. ಬೆಳಿಗ್ಗೆ ನಾಯಿ ಬಿಡುವ ಮೊದಲು ಗೃಹಿಣಿ ಟಾರ್ಚ್ ಹಿಡಿದು ಬೇಲಿಯ ಒಳಗೆ ಒಂದು ಸುತ್ತು ಹಾಕುತ್ತಾರೆ.

ಆದದ್ದೇನು

2025ರ ನವೆಂಬರ್‌ವರೆಗಿನ 13 ತಿಂಗಳಲ್ಲಿ ಕಳವು ಆಗಿಲ್ಲ, ಯಾರಿಗೂ ಹಲ್ಲು ತಾಗಿಲ್ಲ. ಮಾರ್ಚ್‌ನ ಒಂದು ರಾತ್ರಿ 2 ಗಂಟೆ ಸುಮಾರಿಗೆ ಕೆಂಪಿ ಕೂಗಿತು. ಹೆಗ್ಗಣಕ್ಕೆ, ಹಾವಿಗೆ, ದಾರಿಹೋಕರಿಗೆ ಅದು ಕೂಗುವ ಬಗೆ ಬೇರೆ ಬೇರೆ ಎಂದು ಅಷ್ಟರಲ್ಲಿ ಮನೆಯವರಿಗೆ ಗೊತ್ತಾಗಿತ್ತು. ಈ ಸಲ ನಿಲ್ಲಿಸದೆ ಅಟ್ಟದ ದಿಕ್ಕಿಗೇ ಮುಖ ಮಾಡಿ ಕೂಗಿತು, ರಾಣಿ ಗ್ರಿಲ್ಲಿಗೆ ಎರಡು ಕಾಲಿಟ್ಟು ದನಿ ಸೇರಿಸಿತು. ದೀಪ ಹತ್ತಿತು. ರಸ್ತೆಯಲ್ಲಿ ಒಂದು ಗಾಡಿ ಸ್ಟಾರ್ಟ್ ಆಗಿ ಹೋದ ಸದ್ದು. ಬೆಳಿಗ್ಗೆ ನೋಡಿದರೆ ಚೈನ್‌ಲಿಂಕ್‌ನ ಆರು ಕಣ್ಣು ಕತ್ತರಿಸಿದ್ದರು. ಅಟ್ಟದ ಬೀಗ ಹಾಗೇ ಇತ್ತು.

ತೊಂದರೆಗಳೂ ಆದವು. ಮೊದಲ ತಿಂಗಳಲ್ಲಿ ರಾಣಿ ಎರಡು ಕೋಳಿ ಕೊಂದಿತು. ಕೋಳಿಗಳಿಗೆ ಬೇರೆ ಬಲೆ ಹಾಕಬೇಕಾಯಿತು. ಫೆಬ್ರುವರಿಯಲ್ಲಿ ಅದು ಎರಡು ದಿನ ಊಟ ಬಿಟ್ಟಿತು, ಮೂಗಿನಲ್ಲಿ ರಕ್ತದ ಹನಿ ಕಂಡಿತು. ಉಣ್ಣೆ ಜ್ವರ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಕುಸಿದಿತ್ತು, ಉಣ್ಣೆ ಕಡಿತದಿಂದ ಹರಡುವ ಎರ್ಲಿಕಿಯಾ ರೋಗಾಣು ಎಂದು ಗೊತ್ತಾಯಿತು. ವೈದ್ಯರು ಡಾಕ್ಸಿಸೈಕ್ಲಿನ್ 28 ದಿನ ಕೊಟ್ಟರು. ನಾಲ್ಕನೇ ದಿನಕ್ಕೆ ನಾಯಿ ಚುರುಕಾದ ಕೂಡಲೇ ಮಾತ್ರೆ ನಿಲ್ಲಿಸುವವರೇ ಹೆಚ್ಚು, ಆಗ ರೋಗ ಒಳಗೇ ಉಳಿಯುತ್ತದೆ. ಇವರು 28 ದಿನವನ್ನೂ ಮುಗಿಸಿದರು. ಉಣ್ಣೆ ಬಂದದ್ದೆಲ್ಲಿಂದ ಎಂದು ಹುಡುಕಿದರೆ, ಬೇಲಿಯೊಳಗಿದ್ದ ಕಾಯಿಮಟ್ಟೆ ರಾಶಿ ಮತ್ತು ಕೊಟ್ಟಿಗೆಯ ಗೋಡೆಯ ಬಿರುಕು. ಬಿರುಕು ಮುಚ್ಚಿ, ರಾಶಿಯನ್ನು ತೋಟದ ತುದಿಗೆ ಸಾಗಿಸಿದರು. ಉಣ್ಣೆ ಮಾತ್ರೆ ಈಗ 12 ವಾರಕ್ಕೊಮ್ಮೆ, ದಿನವೂ ಸಂಜೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬೆಲ್ಟಿನ ಅಡಿಯಲ್ಲಿ ಕೈಯಾಡಿಸಿ ನೋಡುವುದು ಮಗಳ ಪಾಲಿನ ಕೆಲಸ. ದಟ್ಟ ಕೂದಲಿನ ನಾಯಿಯನ್ನು ಆರಿಸಿದ್ದಕ್ಕೆ ತೆರುತ್ತಿರುವ ಬೆಲೆ ಇದು. ಏಪ್ರಿಲ್, ಮೇ ಮಧ್ಯಾಹ್ನಗಳಲ್ಲಿ ರಾಣಿ ಏದುಸಿರು ಬಿಡುತ್ತದೆ, 11ರಿಂದ 4ರವರೆಗೆ ಒಳಗಿನ ತಣ್ಣನೆ ನೆಲವೇ ಅದಕ್ಕೆ ಜಾಗ.

ಬೇರೆ ಮನೆಗೆ ಈ ಜೋಡಿಯೇ ಸರಿ ಎಂದು ನಾವು ಹೇಳುವುದಿಲ್ಲ. ಊರೊಳಗಿನ 30-40 ಸೈಟಿನ ಮನೆಗೆ ರಾತ್ರಿಯೆಲ್ಲ ಕೂಗುವ ಕೆಂಪಿ ನೆರೆಯವರ ಜಗಳ ತರುತ್ತದೆ. ಅನುಭವಿ ಯಜಮಾನ ದಿನವಿಡೀ ಮನೆಯಲ್ಲೇ ಇದ್ದು, ಬಂದು ಹೋಗುವವರು ಕಡಿಮೆಯಿದ್ದರೆ ರಾಟ್‌ವೀಲರ್ ಕೂಡ ಸರಿಯಾದ ಆಯ್ಕೆಯಾದೀತು. ಬದಲಾಗದೆ ಇರುವುದು ವಿಚಾರಿಸುವ ಕ್ರಮ: ಗೇಟಿನ ನೋಟ್‌ಬುಕ್, ಹಗ್ಗ ಹಿಡಿಯುವ ಕೈ, ಸುತ್ತಲಿನ ಕಾಡುಪ್ರಾಣಿ, ನಾಯಿ ರಾತ್ರಿ ಮಲಗುವ ಜಾಗ. ಇವು ನಾಲ್ಕೂ ಗೊತ್ತಾದ ಮೇಲೆ ತಳಿಗಳ ಪಟ್ಟಿ ತಾನೇ ಎರಡು ಮೂರಕ್ಕೆ ಇಳಿಯುತ್ತದೆ. ಈ ಮನೆಯವರು ಪಟ್ಟಿಯಿಂದ ಶುರು ಮಾಡಿದ್ದರಿಂದ ಒಂದೂವರೆ ವರ್ಷ, ಒಬ್ಬರ ಮುಂಗೈ, ಇನ್ನೊಬ್ಬರ ಮಣಿಕಟ್ಟು ಹೋಯಿತು.

ಮೊದಲ ನಾಯಿ ಕಚ್ಚಿದ್ದ ಆಳು ಬಹಳ ದಿನ ಈ ತೋಟಕ್ಕೆ ಬಂದಿರಲಿಲ್ಲ. ಕಳೆದ ಕೊಯ್ಲಿಗೆ ಬಂದರು. ಎರಡು ಗೇಟಿನ ನಡುವೆ ನಿಂತು ಗಂಟೆ ಒತ್ತಿದರು. ಗೃಹಿಣಿ ರಾಣಿಯನ್ನು ಜಗುಲಿಗೆ ಕಳಿಸಿ, ಚಿಲಕ ಹಾಕಿ, ಚಿಲಕ ಹಾಕಿದ್ದನ್ನು ಅವರಿಗೆ ಕಾಣುವಂತೆ ಒಮ್ಮೆ ಎಳೆದು ತೋರಿಸಿದರು. ಆಮೇಲೆ ಅವರು ಒಳಗೆ ಬಂದರು.